ಮೈನಸ್ಸಿನ ಮೇಲೊಂದು ಗೀಟು

ಸೋಫಿಯಾದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ನೆವೆನಾ ಗ್ರೋಝ್ದೆವಾ ಕೆಂಪು ದಪ್ಪಮೆಣಸಿನಕಾಯಿ ಸುಡುತ್ತಿದ್ದಾರೆ. ಸೆಪ್ಟೆಂಬರ್ ಬಂತೆಂದರೆ ಇಡೀ ಊರೇ ಚಳಿಗಾಲಕ್ಕೆ ಕೂಡಿಡಲೆಂದು ಕಾಯಿ ಸುಡುತ್ತದೆ. ಆದರೆ ಒಂದು ಸರದಿ ಬೇಯುವಷ್ಟರಲ್ಲಿ ಸಮೀಕರಣದ ಒಂದು ಸಾಲು ಮುಗಿಸುವವರು ಇವರೊಬ್ಬರೇ ಇರಬೇಕು. ಎಪ್ಪತ್ತಾರರ ಈ ಸೈದ್ಧಾಂತಿಕ ಭೌತವಿಜ್ಞಾನಿಯ ಹಾಳೆಗಳಿಗೆಲ್ಲ ಮಸಿ ಮೆತ್ತಿದೆ. ಇವತ್ತು ಎರಡು ಕಾಯಿ ಕರಕಲಾಗಿವೆ. ಮನಸ್ಸು ಲೆಕ್ಕದ ಮೇಲೂ ಇಲ್ಲ, ಒಲೆಯ ಮೇಲೂ ಇಲ್ಲ, ಒಂದು ಕಲ್ಲಿನ ಮೇಲಿದೆ.

"ಮಧ್ಯಾಹ್ನ ಆ ಕಲ್ಲನ್ನ ಗೋಡೆಗೆ ಕೂರಿಸ್ತಾರೆ. ಅದಕ್ಕೆ ಮುಂಚೆ ನಾನು ಹೋಗ್ಬೇಕು" ಎನ್ನುತ್ತಾರೆ, ಸಿಪ್ಪೆ ಸುಲಿಯುತ್ತಾ.

ಅಯಸ್ಕಾಂತೀಯ ಲೋಹದ ಪದರವನ್ನು ತೆಳುವಾಗಿಸುತ್ತಾ ಹೋದರೆ ಅದರ ಬಲ ಏನಾಗುತ್ತದೆ? ಮೂವತ್ತೆರಡನೇ ವಯಸ್ಸಿನಲ್ಲಿ ನೆವೆನಾ ಇದಕ್ಕೊಂದು ಸೂತ್ರ ಕೊಟ್ಟರು. ಆ ಸೂತ್ರ ಅವರಿಗಿಂತ ಹೆಚ್ಚು ದೇಶ ಸುತ್ತಿದೆ. ಪಠ್ಯಪುಸ್ತಕಗಳಲ್ಲಿದೆ, ಸಾವಿರಾರು ಲೇಖನಗಳ ಉಲ್ಲೇಖದಲ್ಲಿದೆ. ತೊಂದರೆ ಇಷ್ಟೇ, ಅದು ತಪ್ಪು. ಕೊನೆಯ ಪದದ ಹಿಂದೆ ಪ್ಲಸ್ ಇರಬೇಕಾದಲ್ಲಿ ಮೈನಸ್ ಇದೆ. ಮರುವರ್ಷ ತಪ್ಪನ್ನು ಅವರೇ ಹಿಡಿದು, ಅದೇ ಪತ್ರಿಕೆಯಲ್ಲಿ ಒಂದು ಪುಟದ ತಿದ್ದುಪಡಿ ಪ್ರಕಟಿಸಿದರು. ಅದನ್ನು ಯಾರು ಓದಿದರೋ ದೇವರಿಗೇ ಗೊತ್ತು. ಒಬ್ಬರ ಉಲ್ಲೇಖವನ್ನು ಇನ್ನೊಬ್ಬರು ಹಾಗೇ ಎತ್ತಿಕೊಳ್ಳುತ್ತಾರೆ, ಅವರದನ್ನು ಮತ್ತೊಬ್ಬರು. ದಪ್ಪ ಪದರಕ್ಕೆ ಆ ಕೊನೆಯ ಪದ ಇದ್ದರೂ ಒಂದೇ, ಬಿಟ್ಟರೂ ಒಂದೇ. ತೀರಾ ತೆಳು ಪದರಕ್ಕೆ ಬಂದಾಗ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ.

"ಎಲ್ಲೆಲ್ಲಿಂದಲೋ ಹುಡುಗರು ಬರೀತಾರೆ. ಮೇಡಂ, ನಿಮ್ಮ ಸೂತ್ರ ಹೊಂದ್ತಿಲ್ಲ, ನಮ್ಮ ಪ್ರಯೋಗವೇ ತಪ್ಪಿರ್ಬೇಕು ಅಂತ. ತಿದ್ದುಪಡಿ ಓದ್ರಪ್ಪಾ ಅಂತ ಉತ್ತರ ಹಾಕ್ತೀನಿ. ತುಂಬಾ ಥ್ಯಾಂಕ್ಸ್ ಅಂತಾರೆ. ಆಮೇಲೆ ಲೇಖನದಲ್ಲಿ ಹಳೇದನ್ನೇ ಹಾಕ್ತಾರೆ. ತಲೆ ಚಚ್ಕೊಳ್ಳೋದೊಂದು ಬಾಕಿ."

ತೊಂಬತ್ತರ ದಶಕದಲ್ಲಿ ದೇಶವೇ ದಿವಾಳಿಯೆದ್ದಿದ್ದ ಒಂದು ಚಳಿಗಾಲದಲ್ಲಿ ಅವರು ಕೆಲಸ ಮಾಡುತ್ತಿದ್ದ ಭೌತವಿಜ್ಞಾನ ಸಂಸ್ಥೆಯ ಕೊಠಡಿಗಳು ತಣ್ಣಗೆ ಕೊರೆಯುತ್ತಿದ್ದವು, ಜೊತೆಯವರು ಒಬ್ಬೊಬ್ಬರಾಗಿ ಜರ್ಮನಿಗೆ ಹೊರಟರು. ನೆವೆನಾ ಕೈಗವಸು ತೊಟ್ಟು ಕೂತು, ತೆಳು ಪದರದ ಪೂರ್ತಿ ಸಿದ್ಧಾಂತ ಬರೆದು ಮುಗಿಸಿದರು. ಬದುಕಿನ ದೊಡ್ಡ ಕೆಲಸ ಅದು. ಅದನ್ನೂ ಓದಿದವರಿಲ್ಲ.

ಈಗ ಸಂಸ್ಥೆಗೆ ವಜ್ರಮಹೋತ್ಸವ. ಪಡಸಾಲೆಯ ಗೋಡೆಗೆ ಅಮೃತಶಿಲೆಯಲ್ಲಿ ನೆವೆನಾ ಅವರ ಸೂತ್ರ. ಯಾವುದು? ಅದೇ, ಮೈನಸ್ಸಿನದು. ಈಗಿನ ನಿರ್ದೇಶಕ ಕಾಲೋಯನ್ ಮಿತೆವ್, ನೆವೆನಾ ಅವರ ಹಳೆಯ ಶಿಷ್ಯ. ನಿನ್ನೆ ಫೋನಿನಲ್ಲಿ ಅರ್ಧ ಗಂಟೆ ವಾದ ನಡೆದಿದೆ.

"ಜಗತ್ತಿಗೆಲ್ಲ ಗೊತ್ತಿರೋದು ಮೈನಸ್ಸೇ ಮೇಡಂ. ಪ್ಲಸ್ ಹಾಕಿದ್ರೆ, ತಪ್ಪು ಕೆತ್ತಿಸಿದ್ದಾರೆ ಅಂತ ನಮ್ಮನ್ನ ನೋಡಿ ನಗ್ತಾರೆ."

"ನಗ್ಲಿ ಬಿಡೋ. ತಪ್ಪು ಮಾಡಿದ್ದೂ ನಾನೇ, ತಿದ್ದಿದ್ದೂ ನಾನೇ. ನಾನು ಸತ್ತ ಮೇಲೂ ಆ ತಪ್ಪೇ ಗೋಡೆ ಮೇಲಿರ್ಬೇಕಾ?"

"ಮಂತ್ರಿಗಳು ಬರ್ತಿದ್ದಾರೆ. ಇದೊಂದು ಮುಗೀಲಿ, ಆಮೇಲೆ ನೋಡೋಣ."

ಆಮೇಲೆ ನೋಡೋಣ ಎಂಬುದನ್ನು ಅವರು ನಲವತ್ತು ಚಿಲ್ಲರೆ ವರ್ಷಗಳಿಂದ ಕೇಳುತ್ತಿದ್ದಾರೆ. ಒಲೆ ಆರಿಸಿ, ಮಸಿಗೈಯಲ್ಲೇ ಟ್ರಾಮ್ ಹತ್ತುತ್ತಾರೆ.

ಸ್ಮಶಾನದ ಗೇಟಿನ ಎದುರು ಕಲ್ಲುಕುಟಿಗ ಸ್ಪಾಸ್‌ನ ಶೆಡ್ಡು. ಸಮಾಧಿ ಕಲ್ಲುಗಳ ನಡುವೆ ನೆವೆನಾ ಅವರ ಫಲಕ ಮಲಗಿದೆ.

"ಡೈರೆಕ್ಟರು ಬರೆದುಕೊಟ್ಟ ಹಾಗೇ ಕೆತ್ತಿದ್ದೀನಿ ಪ್ರೊಫೆಸರಮ್ಮ. ಇನ್ನು ಅಳಿಸೋಕಾಗಲ್ಲ" ಎನ್ನುತ್ತಾನೆ ಸ್ಪಾಸ್.

"ಅಳಿಸೋದು ಬೇಡಪ್ಪ. ಈ ಅಡ್ಡ ಗೀಟಿನ ಮೇಲೆ ಉದ್ದಕ್ಕೆ ಒಂದು ಗೀಟು ಎಳೆದ್ರೆ ಪ್ಲಸ್ ಆಯ್ತು. ಅಷ್ಟೇ."

ಸ್ಪಾಸ್ ತಲೆ ಕೆರೆದುಕೊಳ್ಳುತ್ತಾನೆ. ಡೈರೆಕ್ಟರ ಮಾತು ಮೀರುವಂತಿಲ್ಲ, ಎದುರಿಗೆ ನಿಂತ ಹೆಂಗಸು ಜಗ್ಗುವಂತಿಲ್ಲ.

"ನಾನಂತೂ ಕೆತ್ತಲ್ಲ. ಉಳಿ ಅಲ್ಲಿದೆ, ಸುತ್ತಿಗೆ ಇಲ್ಲಿದೆ. ನಾನು ಕಾಫಿ ತರೋಕೆ ಹೋಗ್ತೀನಿ."

ಅವನು ಎರಡು ಲೋಟ ಹಿಡಿದು ಬರುವಷ್ಟರಲ್ಲಿ ಕೆಲಸ ಮುಗಿದಿದೆ. ಗೀಟು ಕೊಂಚ ವಾಲಿದೆ, ಅಂಚು ಒಡೆದಿದೆ, ಬಿಳಿ ಕಲ್ಲಿನ ಮೇಲೆ ಮಸಿ ಬೆರಳಿನ ಗುರುತೂ ಇದೆ.

"ಸತ್ತೋರ ಕಲ್ಲು ಕೆತ್ತಿಯೇ ನಾನು ಬದುಕಿದ್ದು. ತಮ್ಮ ಕಲ್ಲನ್ನ ತಾವೇ ಬಂದು ತಿದ್ದಿದೋರು ನೀವೇ ಮೊದಲು" ಎನ್ನುತ್ತಾನೆ.

ನೆವೆನಾ ಬಗ್ಗಿ ಧೂಳು ಊದುತ್ತಾರೆ.

"ಸೊಟ್ಟಗಿದೆ. ಇರ್ಲಿ ಬಿಡು. ಇದ್ಯಾಕೆ ಹೀಗೆ ಅಂತ ಒಬ್ಬರಾದ್ರೂ ಕೇಳ್ತಾರೆ. ಆಗ ಆ ಒಂದು ಪುಟ ತೆಗೆದು ಓದ್ತಾರೆ."