ಮಾವ ಮೆಚ್ಚಿದ ಪೇಜು

ನನ್ನನ್ನು ಮತ್ತೆ ಕಾಲೇಜಿಗೆ ಕಳಿಸಿದ್ದು ಗಂಡ ಅಲ್ಲ, ಅಪ್ಪನೂ ಅಲ್ಲ, ಮಾವ. ಗಂಡನ ಅಪ್ಪ. ಮಾರೇನಹಳ್ಳಿಯ ನಮ್ಮ ಮನೆಯಲ್ಲಿ ಒಂದು ಸಂಜೆ ಮಗಳಿಗೆ ಮಗ್ಗಿ ಹೇಳಿಕೊಡುತ್ತಾ ಕೂತಿದ್ದೆ. ಪೇಪರಿನ ಹಿಂದಿನಿಂದ ಅವರ ದನಿ ಬಂತು: "ದಿನಾ ಅಕಿ ಹೋಂವರ್ಕ್ ಮಾಡಸ್ತಿ. ನಿಂದು ಯಾವಾಗ?"

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಅನ್ನ ಸಾರು ಮಾಡೋದ್ರಲ್ಲೇ ಸಾಕಾಗಿದೆ, ಇನ್ನು ಹೋಂವರ್ಕ್ ಬೇರೆ ಕೇಡು" ಅಂತ ರೇಗಿದೆ. ಮದುವೆಗೋಸ್ಕರ ಡಿಗ್ರಿ ಅರ್ಧಕ್ಕೆ ಬಿಟ್ಟವಳು ನಾನು. ಆ ಮಾತು ಯಾರೆತ್ತಿದರೂ ಉರಿಯುತ್ತಿತ್ತು. ಮರುದಿನ ಮಾವ ತಾವೇ ಬಸ್ ಹತ್ತಿ ರಾಜಾಜಿನಗರದ ಕಮ್ಯುನಿಟಿ ಕಾಲೇಜಿಗೆ ಹೋಗಿ ವಿಚಾರಿಸಿಕೊಂಡು ಬಂದರು. ವೆಬ್ ಡೆವಲಪ್‌ಮೆಂಟ್ ಅಂತ ಒಂದು ಕೋರ್ಸ್ ಇದೆಯಂತೆ, ವಯಸ್ಸು ಕೇಳಲ್ಲವಂತೆ, ಮಧ್ಯಾಹ್ನ ಮಾತ್ರವಂತೆ. "ಮಧ್ಯಾಹ್ನ ನೀ ಹೆಂಗೂ ಸೀರಿಯಲ್ ನೋಡ್ತಿ" ಅಂದರು. ಎಂಥಾ ಮನುಷ್ಯ!

ಮಾವನದು ಗದಗದ ಕಡೆ. ಬಟ್ಟೆ ವ್ಯಾಪಾರಕ್ಕೆ ಅಂತ ಬೆಂಗಳೂರಿಗೆ ಬಂದು ಎಷ್ಟೋ ವರ್ಷ ಆಗಿದ್ದರೂ ನಾಲಿಗೆ ಮಾತ್ರ ಅಲ್ಲೇ ಉಳಿದುಬಿಟ್ಟಿತ್ತು. ನಾನು ಇಲ್ಲೇ ಬೆಂಗಳೂರಿನ ಮಲ್ಲತ್ತಹಳ್ಳಿಯವಳು. ಮದುವೆಯಾದ ಹೊಸದರಲ್ಲಿ ಅವರು ಮಾತಾಡಿದರೆ ನನಗೆ ಬೈದ ಹಾಗೇ ಕೇಳುತ್ತಿತ್ತು. ಬೈಗುಳ ಅಲ್ಲ, ಅದು ಅಕ್ಕರೆ ಅಂತ ತಿಳಿಯೋಕೆ ಸುಮಾರು ಸಮಯ ಹಿಡಿಯಿತು.

ಕ್ಲಾಸಿನಲ್ಲಿದ್ದವರೆಲ್ಲ ಮೀಸೆ ಚಿಗುರುತ್ತಿದ್ದ ಹುಡುಗರು. ಪಾಠ ಮಾಡುವ ಮೇಡಂ ಕೂಡ ನನಗಿಂತ ಚಿಕ್ಕವರು. "ಆಂಟಿ, ಬ್ರಾಕೆಟ್ ಮುಚ್ಚಿಲ್ಲ ನೋಡಿ", "ಆಂಟಿ, ಸ್ಪೆಲ್ಲಿಂಗ್" ಅಂತ ಹುಡುಗರು ಹಿಂದಿನ ಬೆಂಚಿಂದ ಕೂಗೋರು. ತಲೆ ಕೆಟ್ಟು ಮೊಸರು ಗಡಿಗೆ ಆಗ್ತಿತ್ತು. ಆದರೂ ನಾನು ಟೈಪ್ ಮಾಡಿದ ಒಂದು ಸಾಲು ಪರದೆ ಮೇಲೆ ದಪ್ಪಕ್ಷರದಲ್ಲಿ, ಕೆಂಪಗೆ ಮೂಡಿದ ದಿನ ಸಿಗ್ನಲ್ಲಿನಲ್ಲಿ ಸ್ಕೂಟಿ ನಿಲ್ಲಿಸಿಕೊಂಡು ಒಬ್ಬಳೇ ನಕ್ಕಿದ್ದೆ.

ಇಷ್ಟವಾದ ಜಾಗದ ಬಗ್ಗೆ ಒಂದು ಪೇಜು ಮಾಡಿ ಅಂದರು ಮೇಡಂ. ಹುಡುಗರು ಗೋವಾ, ಲಡಾಖ್ ಅಂತ ಹೊರಟರು. ನಾನು ನಮ್ಮ ತಾರಸಿ ಆರಿಸಿಕೊಂಡೆ. ಅಲ್ಲಿ ಮಾವನ ಕುಂಡಗಳಿದ್ದವು. ದಾಸವಾಳ, ಕಣಗಿಲೆ, ಕನಕಾಂಬರ, ಪೂಜೆಗೆ ಬೇಕು ಅಂತ ಪೇಂಟ್ ಡಬ್ಬದಲ್ಲಿ ಬೆಳೆಸಿದ್ದ ಬಿಲ್ವಪತ್ರೆ. ಬೆಳಗ್ಗೆ ನೀರು ಹಾಕುವಾಗ ಮಾವ ಒಂದೊಂದು ಗಿಡದ ಜೊತೆಗೂ ಜಗಳ ಆಡೋರು. ನಾನು ಪ್ರತಿ ಗಿಡದ ಫೋಟೋ ಹಾಕಿ, ಕೆಳಗೆ ಅವರು ಅದಕ್ಕೆ ಬೈಯುವ ಮಾತನ್ನೇ ಬರೆದೆ. ದಾಸವಾಳದ ಕೆಳಗೆ: "ಏನಲೇ, ನೀರು ಕುಡದು ಕುಡದು ಬರೇ ಎಲಿ ಬಿಡಾಕತ್ತಿ, ಹೂವ ಎಲ್ಲಿ?"

ಕಾಲೇಜಿನ ಕಂಪ್ಯೂಟರಿನಲ್ಲಿ ಪೇಜು ಮುಗಿದ ತಕ್ಷಣ ಬ್ರೌಸರಿನ ಮೇಲ್ಗಡೆ ಇದ್ದ ವಿಳಾಸ ಕಾಪಿ ಮಾಡಿ, ಅಲ್ಲಿಂದಲೇ ಮಾವನಿಗೆ ವಾಟ್ಸಾಪ್ ಮಾಡಿದೆ. ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಕೇಳಿದೆ, "ನೋಡಿದ್ರಾ ಮಾವ?"

"ನೋಡಿದೆ ಯವ್ವಾ. ಬಾಳ ಛಲೋ ಆಗೇತಿ. ಸ್ವಚ್ಛ ಕೆಲಸ. ಗದ್ದಲಿಲ್ಲ ಏನಿಲ್ಲ."

ಅಷ್ಟೊಂದು ಫೋಟೋ, ಅಷ್ಟೊಂದು ಬಣ್ಣ ಸುರಿದಿದ್ದೀನಿ, ಗದ್ದಲ ಇಲ್ಲವಂತಾ? ತನ್ನ ಮಾತನ್ನೇ ಬರೆದಿದ್ದಕ್ಕೆ ಒಂದು ನಗುವೂ ಇಲ್ಲವಾ? ಸ್ವಲ್ಪ ಪೆಚ್ಚಾದೆ. ಆದರೆ ಪಾರ್ಕಿನ ಗೆಳೆಯರಿಗೆಲ್ಲ "ನನ್ನ ಸೊಸಿ ಮಾಡಿದ್ದು" ಅಂತ ತೋರಿಸಿ ಬಂದೆ ಅಂತ ಅವರು ಅಂದಾಗ ಉಬ್ಬಿಹೋದೆ. ಅವತ್ತು ಕಡುಬು ಮಾಡಿದೆ.

ಮುಂದಿನ ಕ್ಲಾಸಿನಲ್ಲಿ ಇದನ್ನು ಹೇಳಿದ್ದೇ ತಡ, ಹುಡುಗರು ಬಿದ್ದು ಬಿದ್ದು ನಕ್ಕರು. ಮೇಡಂ ನಗು ತಡೆದುಕೊಂಡು ಹೇಳಿದರು: "ಆ ವಿಳಾಸ ನೀವು ಕೂತ ಕಂಪ್ಯೂಟರ್ ಒಳಗೆ ಮಾತ್ರ ನಡೆಯುತ್ತೆ. ‘ನಮ್ಮನೆ’ ಅಂತಷ್ಟೇ ವಿಳಾಸ ಬರೆದುಕೊಟ್ರೆ, ಎಲ್ಲರೂ ಅವರವರ ಮನೆಗೇ ತಾನೇ ಹೋಗೋದು? ಪೇಜನ್ನ ಇಂಟರ್ನೆಟ್ಟಿಗೆ ಏರಿಸ್ಬೇಕು, ಆಗ ಎಲ್ಲರಿಗೂ ಕಾಣುತ್ತೆ. ಅದು ಕೋರ್ಸಿನ ಕೊನೇ ಪಾಠ."

ಹಾಗಾದರೆ ಮಾವ ನೋಡಿದ್ದೇನು? ಮನೆಗೆ ಬಂದವಳೇ ಅವರ ಫೋನು ಕಿತ್ತುಕೊಂಡ ಹಾಗೆ ತಗೊಂಡೆ. ಮಾವ ಪಕ್ಕಕ್ಕೆ ಬಗ್ಗಿ ಹೆಮ್ಮೆಯಿಂದ ತಾವೇ ಲಿಂಕ್ ಒತ್ತಿ ತೋರಿಸಿದರು. ಬಿಳೀ ಪರದೆ. ಸಪ್ಪೆ ಮುಖ ಮಾಡಿಕೊಂಡ ಒಂದು ಪುಟ್ಟ ಹಾಳೆಯ ಚಿತ್ರ. ಕೆಳಗೆ ಇಂಗ್ಲಿಷಿನಲ್ಲಿ, ಈ ಪೇಜು ಸಿಗುತ್ತಿಲ್ಲ ಅಂತ ನಾಲ್ಕು ಸಾಲು.

"ಇದs ಅಲ್ಲೇನು? ಹಾಳಿ ಯಾಕ ಮಾರಿ ಸಪ್ಪಗ ಮಾಡೇತಿ ಅನ್ನೋದೊಂದ ತಿಳೀಲಿಲ್ಲ. ಕೇಳಿದ್ರ ನಿನಗ ಬ್ಯಾಸರ ಆಗ್ತದಂತ ಬಿಟ್ಟೆ."

ಪಾರ್ಕಿನಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರೊಬ್ಬರಿದ್ದಾರೆ. ಅವರಿಗೂ ಗೊತ್ತಾಗಲಿಲ್ಲವಾ? ಗೊತ್ತಾಗಿರುತ್ತೆ. ಆದರೂ "ಚೆನ್ನಾಗಿದೆ ಸಾರ್" ಅಂದರಂತೆ. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂತು. ವಿಷಯ ಬಿಡಿಸಿ ಹೇಳಿದೆ. ಮಾವ ಕಣ್ಣಲ್ಲಿ ನೀರು ಬರೋವರೆಗೂ ನಕ್ಕರು. "ಫೋಟೋ ತೆಕ್ಕೊಂಡು ಬರ್ತೀನಿ ಮಾವ, ಅಸಲಿ ಪೇಜು ಹೇಗಿದೆ ಅಂತ ನೋಡಿ" ಅಂದೆ.

"ಫೋಟೋ ಬ್ಯಾಡ. ನನ್ನ ಫೋನಿನ್ಯಾಗ ನಾನs ಒತ್ತಿ ತಗೀಬೇಕು. ಕೊನೀ ಪಾಠ ಆಗಲಿ, ಕಾಯ್ತೀನಿ."

ಅದರಲ್ಲಿ ಏನಿದೆ ಅಂತಲೂ ನಾನು ಹೇಳಲಿಲ್ಲ. ತಮ್ಮ ಬೈಗುಳ ತಾವೇ ಓದಿ ಬೆಚ್ಚಿಬೀಳಲಿ ಅಂತ ಆಸೆ. ಕಾಲೇಜಿಂದ ಬಂದಾಗಲೆಲ್ಲ "ಏರಿಸಿದೇನು?" ಅಂತ ಕೇಳೋರು. "ಇನ್ನೂ ಇಲ್ಲ ಮಾವ, ಸ್ವಲ್ಪ ತಡ್ಕೊಳ್ಳಿ" ಅನ್ನುತ್ತಿದ್ದೆ.

ಕೊನೆಯ ಪಾಠಕ್ಕೆ ಮೊದಲೇ, ಒಂದು ಬೆಳಗ್ಗೆ ಗಿಡಕ್ಕೆ ನೀರು ಹಾಕೋಕೆ ತಾರಸಿಗೆ ಹೋದ ಮಾವ ಇಳಿದು ಬರಲಿಲ್ಲ. ಲಿಂಗೈಕ್ಯರಾದರು ಅಂತ ಬಂದವರೆಲ್ಲ ಅಂದರು. ನನ್ನ ಬಾಯಿಗೆ ಆ ದೊಡ್ಡ ಮಾತು ಬರಲಿಲ್ಲ. ಮಾವ ಹೋದರು, ಅಷ್ಟೇ. ಕಾಯ್ತೀನಿ ಅಂದಿದ್ದರಲ್ಲ ಅಂತ ಅವರ ಮೇಲೇ ಸಿಟ್ಟು ಬಂತು.

ಕಾರ್ಯ ಎಲ್ಲ ಮುಗಿದ ಮೇಲೆ ಕಾಲೇಜಿಗೆ ಹೋದೆ. ಮೇಡಂ ಪಕ್ಕದಲ್ಲೇ ಕೂತು ಪೇಜು ಏರಿಸಿಕೊಟ್ಟರು. ಹುಡುಗರೆಲ್ಲ ಅವರವರ ಫೋನಿನಲ್ಲಿ ತೆಗೆದು, ದಾಸವಾಳದ ಬೈಗುಳ ಜೋರಾಗಿ ಓದಿ, "ಸೂಪರ್ ಆಂಟಿ" ಅಂತ ಚಪ್ಪಾಳೆ ಹೊಡೆದರು. ಹೊಸ ಲಿಂಕನ್ನು ಮಾವನ ನಂಬರಿಗೂ ಕಳಿಸಿದೆ. ಫೋನು ಮನೆಯಲ್ಲೇ ಇದೆ, ನಾನೇ ಚಾರ್ಜ್ ಹಾಕುತ್ತೀನಿ.

ಕುಂಡಗಳಿಗೆ ಈಗ ನಾನೇ ನೀರು ಹಾಕೋದು. ಬೈಯೋಕೆ ಹೋಗ್ತೀನಿ, ಅವರ ಆ ಮಾತು ನನ್ನ ಬಾಯಿಗೆ ಒಗ್ಗಲ್ಲ. ಕೆಳಗಿಳಿದು ಬಂದು ಒಂದೊಂದು ದಿನ ಮಾವನ ಫೋನ್ ಹಿಡಿದು ಕೂರುತ್ತೀನಿ. ಹೊಸ ಲಿಂಕನ್ನು ಇವತ್ತಿಗೂ ಅದರಲ್ಲಿ ಒತ್ತಿಲ್ಲ. ಅದು ಅವರೇ ಒತ್ತಬೇಕಾಗಿದ್ದದ್ದು. ಹಳೇದನ್ನು ಒತ್ತುತ್ತೀನಿ. ಬಿಳೀ ಪರದೆ ಬರುತ್ತೆ, ಸಪ್ಪೆ ಮುಖದ ಹಾಳೆ ಬರುತ್ತೆ. ನಾನು ಮಾಡಿದ್ದಲ್ಲ ಅದು. ಆದರೂ ಮಾವ ನೋಡಿದ ನನ್ನ ಪೇಜು ಅದೊಂದೇ.