ಚೆಲುವಮ್ಮನ ಸೋಬಾನೆ ಪದಗಳು

ಹಿನಕಲ್‌ನ ಚೆಲುವಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ನಲವತ್ತು ಸೋಬಾನೆ ಪದಗಳು ಬಾಯಲ್ಲೇ ಇದ್ದವು, ಅವ್ವನ ಪಕ್ಕದಲ್ಲಿ ಪೈರು ನೆಡುತ್ತಾ ಕಲಿತವು. ಆ ಗದ್ದೆಗಳೆಲ್ಲ ಬಡಾವಣೆಯಾಗಿ ಎಷ್ಟೋ ವರ್ಷವಾಗಿತ್ತು. ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಬೀದಿಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಒಂದೊಂದು ಸಾಲನ್ನೂ ತಾನು ಹಾಡಿ ಅವರಿಂದ ಹಾಡಿಸುತ್ತಿದ್ದಳು.

ರಾಜೀವನಗರದ ಸಂಗೀತ ಟೀಚರ್ ಸರ್ವಮಂಗಳಾ ಎರಡು ಸಲ ಬಂದು, "ನೀವು ಹಾಡಿ, ನಾನು ಸ್ವರ ಹಾಕಿ ಬರ್ಕೋತೀನಿ" ಎಂದಿದ್ದರು.

"ಪುಸ್ತಕ ನೋಡ್ಕೊಂಡು ಹಾಡುದ್ರೆ ಮದುವೆಣ್ಣಿನ ಮುಖ ನೋಡೋರ್ಯಾರು ಕಣವ್ವಾ?" ಎಂದು ಚೆಲುವಮ್ಮ ಒಪ್ಪಿರಲಿಲ್ಲ.

ಆ ಮಕ್ಕಳಿಗೆ ಮೊದಲ ನಾಲ್ಕೈದು ಪದ ಬರುವಷ್ಟರಲ್ಲಿ, ಕಳೆದ ವರ್ಷ, ಚೆಲುವಮ್ಮನ ದನಿ ಒಡೆಯಿತು. ಕ್ಯಾನ್ಸರ್, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್‌ಗೆ ಇನ್ನು ಇಪ್ಪತ್ತೇ ದಿನ. ಮಾರನೆಯ ಬೆಳಿಗ್ಗೆ ಚೆಲುವಮ್ಮ ಬಸ್ಸು ಹತ್ತಿ ರಾಜೀವನಗರಕ್ಕೆ ಹೋದಳು.

"ಬರ್ಕೊಳಿ ಟೀಚರಮ್ಮ. ನನ್ ದನಿ ಒಂಟೋಯ್ತದಂತೆ."

ಸರ್ವಮಂಗಳಾ ಚಾಪೆ ಹಾಸಿದರು. ಮೊಬೈಲಿನಲ್ಲೂ ಹಿಡಿದಿಟ್ಟರು, ಆದರೆ ಆ ಒಡಕು ದನಿ ಕೇಳಿ ಯಾರೂ ಕಲಿಯುವಂತಿರಲಿಲ್ಲ. ಹಾರ್ಮೋನಿಯಂನ ಒಂದೊಂದು ಕೀ ಒತ್ತಿ "ಇದಾ? ಇನ್ನೂ ಮೇಲಾ?" ಎಂದು ಕೇಳುವರು, ಚೆಲುವಮ್ಮ ತಲೆಯಾಡಿಸಿದ ಮೇಲೆಯೇ ಸ್ವರ ಬರೆಯುವರು. ಕೆಮ್ಮಿನಲ್ಲಿ ರಕ್ತ ಬಂದ ದಿನವೂ ಚೆಲುವಮ್ಮ ತಪ್ಪಿಸಲಿಲ್ಲ. ಆಸ್ಪತ್ರೆ ಸೇರುವ ಹೊತ್ತಿಗೆ ಮೂವತ್ತೊಂದು ಪದ ಮುಗಿದಿದ್ದವು.

ಎರಡು ತಿಂಗಳ ನಂತರ ಜಗಲಿಯ ಪಾಠ ಮತ್ತೆ ಶುರುವಾಯಿತು. ಸರ್ವಮಂಗಳಾ ನೋಟ್‌ಬುಕ್ ಹಿಡಿದು ಹೇಳಿಕೊಟ್ಟರು. ಸ್ವರ ತಪ್ಪಿರಲಿಲ್ಲ, ಆದರೂ ಅರಿಶಿನದ ಪದ ಕವಾಯತಿನಂತೆ ಕೇಳಿಸಿತು. ಕತ್ತಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ಚೆಲುವಮ್ಮ ಎದ್ದು ಬಂದು, ಹಾಡುತ್ತಿದ್ದ ಹದಿನಾರರ ನಯನಾಳ ಮುಂಗೈ ಹಿಡಿದಳು. ದನಿ ಎಳೆಯಬೇಕಾದಲ್ಲಿ ಒತ್ತಿದಳು, ಬಿಡಬೇಕಾದಲ್ಲಿ ಸಡಿಲಿಸಿದಳು. ಮೂರನೆಯ ಸಲಕ್ಕೆ ಪದಕ್ಕೆ ಜೀವ ಬಂತು.

"ಅಜ್ಜಿ, ಬರೀದೆ ಉಳಿದಿರೋವು?" ಎಂದಳು ನಯನಾ.

ಚೆಲುವಮ್ಮ ತುಟಿಯಾಡಿಸಿ ಪದದ ಸಾಲು ತಿಳಿಸಿದಳು, ಕೈ ಎತ್ತಿ ಇಳಿಸಿ ರಾಗ ತೋರಿಸಿದಳು. ಹುಡುಗಿ ಊಹಿಸಿ ಹಾಡಿದಳು, ಅಜ್ಜಿ ಅಲ್ಲವೆಂದು ತಲೆಯಾಡಿಸಿದಳು, ಮತ್ತೆ ಹಾಡಿದಳು. ಎಷ್ಟೋ ಭಾನುವಾರಗಳು ಕಳೆದು ಒಂದು ಪದ ಸಿಕ್ಕಿತು. ಸರ್ವಮಂಗಳಾ ಅದನ್ನು ಮೂವತ್ತೆರಡನೆಯದಾಗಿ ಬರೆದುಕೊಂಡರು.

ಮಿಕ್ಕ ಎಂಟು ಸಿಗಲಿಲ್ಲ. ಕಾರ್ತಿಕದಲ್ಲಿ ಚೆಲುವಮ್ಮ ತೀರಿಕೊಂಡಳು.