ಅತ್ತಿಯ ಬಲಗಿವಿ

ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತಿ, ಕಂಗ್ಟಿಯಿಂದ ಜಹೀರಾಬಾದಿಗೆ ಬಂದು ನಮ್ಮ ಮನೆಯಲ್ಲಿ ಉಳಿದದ್ದು ಒಂದು ಕಿವಿಯ ಸಲುವಾಗಿ. ನಾನಾಗ ಡಿಗ್ರಿ ಓದುತ್ತಿದ್ದೆ. ಅಪ್ಪನಿಗೆ ಅಲ್ಲಿ ನೌಕರಿ, ನಮ್ಮದು ಬಾಡಿಗೆಯ ಸಣ್ಣ ಮನೆ.

ಹರೆಯದಿಂದ ಭಾರದ ಓಲೆ ಹಾಕಿ ಹಾಕಿ ಅತ್ತಿಯ ಬಲಗಿವಿಯ ತೂತು ಕೆಳಗಿಳಿಯುತ್ತ ಬಂದಿತ್ತು. ಒಂದು ದಿನ ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸುವಾಗ ಓಲೆ ಸಿಕ್ಕಿಕೊಂಡು ಹಾಲೆ ಸೀಳಿಹೋಯಿತು. ಎಷ್ಟೋ ವರ್ಷ ಹಾಗೇ ಇದ್ದಳು. ಐವತ್ತು ದಾಟಿದ ಮೇಲೆ ಒಮ್ಮೆಲೇ, ಹೊಲಿಸಿಕೊಳ್ಳುತ್ತೇನೆ ಅಂದಳು. ಮನೆಯಲ್ಲಿ ಮದುವೆಯಿರಲಿಲ್ಲ, ತೊಟ್ಟಿಲಿರಲಿಲ್ಲ.

"ಈಗ್ಯಾಕ್ರಿ ಅಕ್ಕಾರ?" ಎಂದು ಅವ್ವ ಕೇಳಿದಳು.

"ನನಗ ಬೇಕಾಗ್ಯದ."

ಬೇಸಿಗೆಯಲ್ಲಿ ಹೊಲಿಗೆಯಾಯಿತು. ಗಾಯ ಪೂರ್ತಿ ಮಾದ ಮೇಲೆ, ದಸರೆ ಕಳೆದು, ಹೊಲಿಗೆ ಹಾಕಿದ ಡಾಕ್ಟರಮ್ಮನೇ ಹಳೆಯ ಗುರುತಿನ ಪಕ್ಕದಲ್ಲಿ ಹೊಸದಾಗಿ ಕಿವಿ ಚುಚ್ಚಿ ಸಣ್ಣ ಟಾಪ್ಸ್ ಹಾಕಿದರು. ಹೊಲದ ಧೂಳು ಬೇಡ, ಕೆಲವು ವಾರ ಇಲ್ಲೇ ಇರಿ ಅಂದರು. ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ ಒರೆಸಬೇಕು. ಎಣ್ಣೆ, ಅರಿಶಿನ ಹಚ್ಚಬಾರದು. ಟಾಪ್ಸ್ ತಿರುವಬಾರದು. ಅವರು ಹೇಳಿದ್ದೆಲ್ಲ ತೆಲುಗಿನಲ್ಲಿ, ಅತ್ತಿ ಹೂಂ ಅಂದದ್ದು ಕನ್ನಡದಲ್ಲಿ. ಕೇಳಿಸಿಕೊಳ್ಳುವ ಕೆಲಸ ನನ್ನದಾಯಿತು.

ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಕೈ ತೊಳೆದು ಅವಳ ಮುಂದೆ ಕೂಡುತ್ತಿದ್ದೆ. ಅತ್ತಿ ಬಾಗಿಲ ಬೆಳಕಿಗೆ ಕಿವಿ ಕೊಟ್ಟು ಕಣ್ಣು ಮುಚ್ಚುತ್ತಿದ್ದಳು. ಒಣಗಿದ ಹಕ್ಕಳೆ ಮೆತ್ತಗಾಗುವ ತನಕ ಒದ್ದೆ ಅರಳೆ ಒತ್ತಿ ಹಿಡಿಯಬೇಕಿತ್ತು. ನಾನು ಚಿಕ್ಕವಳಿದ್ದಾಗ ನನ್ನ ಮುಖ ತೊಳೆಸಿ ಕಾಡಿಗೆ ಹಚ್ಚಿದವಳು ಈಗ ನನ್ನ ಕೈಯಲ್ಲಿ ಮುಖ ಕೊಟ್ಟು ಕೂತಿದ್ದಳು. ಅವಳ ಕೆನ್ನೆಯ ಚರ್ಮ ಅಷ್ಟು ಮೆತ್ತಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಬಲಮಗ್ಗುಲಿಗೆ ಮಲಗುವಂತಿರಲಿಲ್ಲ. ನಮ್ಮಿಬ್ಬರದೂ ಒಂದೇ ಹಾಸಿಗೆ, ಹಾಗಾಗಿ ಅವಳ ಮುಖ ಯಾವಾಗಲೂ ನನ್ನ ಕಡೆಗೇ. ಅಪ್ಪ ಚಿಕ್ಕವನಿದ್ದಾಗ ಎಮ್ಮೆಗೆ ಹೆದರಿ ಬಣವೆ ಹತ್ತಿದ್ದು, ಇಳಿಯಲಾರದೆ ಅತ್ತದ್ದು, ಹೀಗೆ ಅಪ್ಪ ಎಂದೂ ಹೇಳದ ಸಂಗತಿಗಳು ಒಂದೊಂದೇ ಹೊರಬರುತ್ತಿದ್ದವು. ಕೇಳುತ್ತ ಕೇಳುತ್ತ ನನಗೆ ನಿದ್ದೆ ಹತ್ತುತ್ತಿತ್ತು.

ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದಾಗ ಅತ್ತಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಕಿವಿ ಕೆಂಪಾಗಿ ಊದಿತ್ತು, ಸುತ್ತಲೂ ಅರಿಶಿನದ ಬಣ್ಣ.

"ಏನ್ ಮಾಡ್ದಿ ಅತ್ತಿ?"

"ಏನಿಲ್ಲ. ಸ್ವಲ್ಪ ತಿರುವಿ ಎಣ್ಣಿ ಅರಿಶಿನ ಹಚ್ಚೀನಿ. ನಮ್ಮವ್ವ ಹಾಂಗೇ ಮಾಡ್ತಿದ್ಳು."

ಮೈ ಬಿಸಿಯಾಗಿತ್ತು. ಅವ್ವ ಟಾಪ್ಸ್ ತೆಗೆದುಬಿಡೋಣ ಅಂದಳು. ಅತ್ತಿ ಕಿವಿಗೆ ಅಂಗೈ ಮರೆ ಹಿಡಿದಳು. "ತೆಗೀಬ್ಯಾಡ್ರಿ. ಮುಚ್ಚಿ ಹೋಗ್ತದ." ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಬೈಯಲಿಲ್ಲ. ತೆಗೆಯದಿದ್ದದ್ದು ಒಳ್ಳೆಯದಾಯಿತು, ತೆಗೆದರೆ ಕೀವು ಒಳಗೇ ಉಳಿಯುತ್ತಿತ್ತು ಅಂದರು. ಗುಳಿಗೆ ಬರೆದುಕೊಟ್ಟು, ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಾವು ಕೊಡಲು ಹೇಳಿದರು. ಊರಿಗೆ ಹೋಗುವ ಮಾತು ಮುಂದೆ ಹೋಯಿತು. ನನಗೆ ಒಳಗೊಳಗೇ ಖುಷಿ.

ಸುದ್ದಿ ಕೇಳಿ ಮಾಮಾ, ಅತ್ತಿಯ ಗಂಡ, ನಾರಾಯಣಖೇಡದಲ್ಲಿ ಬಸ್ಸು ಬದಲಿಸಿ ಬಂದರು. ಕೈಯಲ್ಲಿ ಹಸಿ ತೊಗರಿ ಕಾಯಿಯ ಚೀಲ. ಚೀಲ ಇಳಿಸಿ, ಚಷ್ಮಾ ಏರಿಸಿ, ಅವಳ ಕಿವಿಯನ್ನು ಬಹಳ ಹೊತ್ತು ನೋಡಿದರು.

"ಬಾವು ಇಳದದ," ಅಂದರು.

"ಡಾಕ್ಟರಮ್ಮ ಇನ್ನಾ ಹೋಗಬ್ಯಾಡ ಅಂದಾರ."

"ನಾ ಕರ್ಯಾಕ ಬಂದಿಲ್ಲ. ನೋಡಾಕ ಬಂದೀನಿ."

"ರೊಟ್ಟಿ ಯಾರ್ ಬಡ್ಯಾಕತ್ತಾರ?"

"ನಾನೇ. ಮೊದ್ಲ ಹರೀತಿದ್ವು. ಈಗ ದುಂಡಗ ಆಗ್ಯಾವ."

"ಹಾಂಗಾದ್ರ ಕಲೀರಿ ಇನ್ನಷ್ಟು," ಅಂದಳು ಅತ್ತಿ. ಮಾಮಾ ನಕ್ಕರು. ಆಮೇಲೆ ಇಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಕಾಯಿ ಸುಲಿದರು. ಅವ್ವ ಒಳಗೆ ಉಪ್ಪು ಹಾಕಿ ಕಾಳು ಕುದಿಸಿದಳು. ಅವರಿಬ್ಬರು ಹೀಗೆ ಬಿಡುವಾಗಿ ಕೂತದ್ದನ್ನು ನಾನು ಊರಲ್ಲಿ ಎಂದೂ ಕಂಡಿರಲಿಲ್ಲ. ಅಲ್ಲಿ ಅವರು ಹೊಲದಲ್ಲಿದ್ದರೆ ಇವಳು ಒಲೆ ಮುಂದೆ.

ಚಳಿ ಬೀಳುವ ಹೊತ್ತಿಗೆ ಕೆಂಪು ಹೋಯಿತು, ಹಕ್ಕಳೆ ಕಟ್ಟುವುದು ನಿಂತಿತು. ಡಾಕ್ಟರಮ್ಮ ಒತ್ತಿ ನೋಡಿ, ಇನ್ನು ಊರಿಗೆ ಹೋಗಬಹುದು, ಆದರೆ ಭಾರದ್ದು ಎಂದೂ ಬೇಡ ಅಂದರು. ಮರುದಿನ ಅತ್ತಿಯನ್ನು ಬಸ್ಸಿಗೆ ಹತ್ತಿಸಲು ಹೋದೆ. ಕಿಟಕಿಯಿಂದ ನನ್ನ ಕೈ ಹಿಡಿದು, "ಸಂಕ್ರಾಂತಿ ರಜಾಕ್ಕ ಬಾ. ಸೀತನಿ ತಿನ್ನಾಕ," ಅಂದಳು.

ನಾನೀಗ ತಾಂಡೂರಿನಲ್ಲಿ ಶಾಲೆಯಲ್ಲಿ ಕಲಿಸುತ್ತೇನೆ. ಆ ಮನೆ ಬಿಟ್ಟು ಬಹಳ ಕಾಲವಾಯಿತು. ಆದರೆ ಆ ಸಂಕ್ರಾಂತಿ ಇನ್ನೂ ಕಣ್ಣಮುಂದಿದೆ. ಹೊಲದ ಬದುವಿನಲ್ಲಿ ಮಾಮಾ ಸೀತನಿಗೆಂದು ಹಾಲುಗಾಳಿನ ಜೋಳದ ತೆನೆ ಸುಡುತ್ತಿದ್ದರು. ಅತ್ತಿ ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟನ್ನು ಊದಿ, ಕಾಳನ್ನು ನನ್ನ ಬೊಗಸೆಗೆ ಸುರಿದಳು. ಹೊಟ್ಟೆಲ್ಲ ಹಾರಿ ನನ್ನ ಕೂದಲಿಗೆ ಬಂತು. ಕೊಡವಬೇಕೆಂದರೆ ಬೊಗಸೆ ತುಂಬಿತ್ತು. ಅತ್ತಿ ನಗುತ್ತಲೇ ಇನ್ನೊಂದು ತೆನೆಗೆ ಕೈ ಚಾಚಿದಳು.